ಮರಳಿ ಕೈಗೆ ಬರುವ ಕೋಲು

ನನ್‌ಚಾಕು ಆಡಿಸುವವನನ್ನು ನೋಡುವವರ ಕಣ್ಣೆಲ್ಲ ಬೀಸುವ ತುದಿಯ ಮೇಲೆ. ನನ್ನ ಕಣ್ಣು ಹಿಡಿಯುವ ಕೈ ಮೇಲೆ. ಭುಜದ ಮೇಲಿಂದ ಹಾಯ್ದ ಕೋಲು ಬೆನ್ನ ಹಿಂದಿಳಿದು, ಕಂಕುಳಡಿಯಲ್ಲಿ ಕಾದಿರುವ ಇನ್ನೊಂದು ಕೈಗೆ ಟಪ್ಪೆಂದು ಬಂದು ಕೂಡುತ್ತದಲ್ಲ, ನನಗೆ ಆ ಗಳಿಗೆಯದೇ ಹುಚ್ಚು.

ನನ್‌ಚಾಕು ಎಂದರೆ ಹುರಿಯಿಂದಲೋ ಸರಪಳಿಯಿಂದಲೋ ಕೂಡಿಸಿದ ಎರಡು ಕೋಲು. ನನ್ನ ಜೋಡಿಯನ್ನು ಗುಡೂರಿನ ಬಡಿಗರೊಬ್ಬರು ಜಾಲಿ ಕಟ್ಟಿಗೆಯಲ್ಲಿ ಮಾಡಿಕೊಟ್ಟರು. ಅಳತೆ ಹೇಳಿದ್ದು ಮೈಯಿಂದಲೇ: ಒಂದೊಂದು ಕೋಲೂ ಮಣಿಕಟ್ಟಿನಿಂದ ಮೊಣಕೈವರೆಗೆ, ನಡುವಿನ ಹುರಿ ಅಂಗೈಯಗಲ. "ಏನ್ ತಮ್ಮಾ, ಲೇಜಿಮ್ ಮುರದು ಎರಡ್ ಮಾಡಿದಂಗ ಐತಲ್ಲ ಇದು!" ಎಂದರು ಅವರು. ನಿಜವೇ. ಕೋಲು, ಸರಪಳಿ ಎರಡೂ ಲೇಜಿಮಿನಲ್ಲಿವೆ. ಆದರೆ ಅಲ್ಲಿ ಸರಪಳಿ ಇರುವುದು ದನಿಗೆ, ಇಲ್ಲಿ ತಿರುವಿಗೆ. ಅದಕ್ಕೇ ನಾನು ಸರಪಳಿ ಬಿಟ್ಟು ಹುರಿ ಹಾಕಿಸಿದೆ. ಹುರಿ ಸದ್ದು ಮಾಡುವುದಿಲ್ಲ. ಗಾಳಿ ಸೀಳುವುದಷ್ಟೇ ಕೇಳುತ್ತದೆ.

ಒಕಿನಾವಾದಲ್ಲಿ ಕಾಳು ಬಡಿಯುವ ಕೋಲಿನಿಂದ ಇದು ಹುಟ್ಟಿತೆಂದು ಕೆಲವರು, ಕುದುರೆಯ ಕಡಿವಾಣದಿಂದ ಎಂದು ಇನ್ನು ಕೆಲವರು ಹೇಳುತ್ತಾರೆ. ನಮ್ಮ ಸೀಮೆಯಲ್ಲಿ ಹಂತಿ ಕಟ್ಟಿ, ರೋಣಗಲ್ಲು ಎಳೆಸಿ ಜೋಳ ಒಕ್ಕುತ್ತಿದ್ದರು. ನಮ್ಮ ಕಣದಲ್ಲಿ ಇಂಥದ್ದು ಹುಟ್ಟುವಂತಿರಲಿಲ್ಲ. ನಮಗಿದು ದಕ್ಕಿದ್ದು ಸಿನಿಮಾ ಪರದೆಯಿಂದ, ಬ್ರೂಸ್ ಲೀಯಿಂದ.

ಲೀಗೆ ಇದರ ರುಚಿ ಹತ್ತಿಸಿದವರು ಅವರದೇ ಶಿಷ್ಯ ಡ್ಯಾನ್ ಇನೊಸಾಂಟೊ. 1972ರಲ್ಲಿ 'ಗೇಮ್ ಆಫ್ ಡೆತ್' ಚಿತ್ರಕ್ಕಾಗಿ ಈ ಇಬ್ಬರೂ ನನ್‌ಚಾಕು ಹಿಡಿದು ಎದುರುಬದುರು ನಿಂತರು. ಚಿತ್ರ ತೆರೆಗೆ ಬಂದದ್ದು ಲೀ ತೀರಿಕೊಂಡ ಮೇಲೆ, 1978ರಲ್ಲಿ. ಆದರೂ ನನಗೆ 'ಎಂಟರ್ ದಿ ಡ್ರ್ಯಾಗನ್' (1973) ಚಿತ್ರದ ನೆಲಮಾಳಿಗೆಯ ಕಾಳಗವೇ ಹೆಚ್ಚು. ಅಲ್ಲಿ ಲೀ ಬೀಸುವುದಕ್ಕಿಂತ ನಿಲ್ಲಿಸುವುದನ್ನು ನೋಡಬೇಕು. ಕಣ್ಣಿಗೆ ನಿಲುಕದಂತೆ ಸುತ್ತುತ್ತಿದ್ದ ಕೋಲು ಕಂಕುಳಲ್ಲಿ ಸಿಕ್ಕಿ ಥಟ್ಟನೆ ನಿಲ್ಲುತ್ತದೆ. ಹುರಿಗೊಂಡ ತೋಳು, ಅಲುಗದ ದೃಷ್ಟಿ. ಎದುರಾಳಿ ಪೆಟ್ಟು ಬೀಳುವ ಮೊದಲೇ ಸೋತಿರುತ್ತಾನೆ.

ಬ್ರಿಟನ್ನಿನ ಸೆನ್ಸಾರ್ ಮಂಡಳಿಗೆ ಮಾತ್ರ ಇದರ ಭಯವೋ ಭಯ. ಹುಡುಗರು ಕೆಟ್ಟಾರೆಂದು ಬಹಳ ವರ್ಷ ಇಂಥ ದೃಶ್ಯಗಳಿಗೆ ಕತ್ತರಿ ಹಾಕಿತು. 1991ರ ನಿಂಜಾ ಆಮೆಗಳ ಚಿತ್ರದಲ್ಲಿ ಸಾಸೇಜ್ ಸರವನ್ನು ನನ್‌ಚಾಕುವಿನಂತೆ ತಿರುಗಿಸಿದ್ದನ್ನೂ ಬಿಡಲಿಲ್ಲ. ಅವರು ಕಂಡದ್ದು ಬೀಸನ್ನಷ್ಟೇ.

ಓಣಿಯ ಹುಡುಗರು ಮೊಬೈಲಿನಲ್ಲಿ ಲೀಯನ್ನು ನೋಡಿಕೊಂಡು ಬರುತ್ತಾರೆ. "ಕಾಕಾ, ಹೊಡಿಯೂದು ಯಾವಾಗ ಕಲಸ್ತೀರಿ?" ಎಂಬುದು ಅವರ ಮೊದಲ ಪ್ರಶ್ನೆ. ನಾನು ಕೋಲು ಕೊಟ್ಟು ಬರೀ ಭುಜದ ಮೇಲಿಂದ ಬಿಟ್ಟು ಹಿಡಿಯಲು ಹಚ್ಚುತ್ತೇನೆ, ಬಲಗೈ ಆದಮೇಲೆ ಎಡಗೈ. ವಾರ ಕಳೆಯುವಷ್ಟರಲ್ಲಿ ಹೊಡೆಯುವ ಮಾತು ನಿಂತು, ಯಾರು ಕೋಲು ಬೀಳಿಸದೆ ಹೆಚ್ಚು ಹೊತ್ತು ಹಿಡಿದರು ಎಂಬುದರ ಜಿದ್ದು ಶುರುವಾಗುತ್ತದೆ.