ಗುರುವಾಯನಕೆರೆಯ ದಂಡೆಯಲ್ಲಿ

ಮಂಗಳೂರಿನಿಂದ ಬಂಟ್ವಾಳವನ್ನು ಹಾಯ್ದು ಚಾರ್ಮಾಡಿ ಘಟ್ಟದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಬೆಳ್ತಂಗಡಿ ಪೇಟೆಗೆ ಸ್ವಲ್ಪ ಈಚೆಗೆ, ಗುರುವಾಯನಕೆರೆಯೆಂಬ ಊರು ಸಿಕ್ಕುತ್ತದೆ. ಇಲ್ಲಿಂದ ಒಂದು ದಾರಿ ವೇಣೂರಿನ ಕಡೆಗೆ ಕವಲೊಡೆಯುತ್ತದೆ. ಅದನ್ನು ಹಿಡಿದವರು 1604ರಲ್ಲಿ ಪ್ರತಿಷ್ಠೆಗೊಂಡ ಬಾಹುಬಲಿಯ ದರ್ಶನವನ್ನು ಪಡೆದು, ಮುಂದೆ ಮೂಡಬಿದರೆಯ ಸಾವಿರ ಕಂಬದ ಬಸದಿಯನ್ನು ಸೇರಬಹುದು. ನೇರವಾಗಿ ಹೋದವರಿಗೆ ಬೆಳ್ತಂಗಡಿ, ಉಜಿರೆ, ಧರ್ಮಸ್ಥಳ. ಹೀಗೆ ಎರಡು ಯಾತ್ರೆಗಳ ಸಂಧಿಸ್ಥಾನವಾದ ಈ ಊರಿನಲ್ಲಿ ಹೆಚ್ಚಿನ ಪ್ರಯಾಣಿಕರು ಬಸ್ಸು ಬದಲಿಸುವುದಕ್ಕಾಗಿ ಮಾತ್ರ ಇಳಿಯುವರು. ಊರಿಗೆ ಹೆಸರನ್ನು ಕೊಟ್ಟ ಕೆರೆಯನ್ನು ನಿಂತು ನೋಡುವವರು ವಿರಳ. 1876ರಲ್ಲಿ ಪ್ರಕಟವಾದ ಭಾರತೀಯ ವಾಸ್ತುಶಿಲ್ಪದ ಇತಿಹಾಸದಲ್ಲಿ ಜೇಮ್ಸ್ ಫರ್ಗುಸನ್ ಎಂಬ ವಿದ್ವಾಂಸನು ಇಲ್ಲಿಯ ಜೈನಸ್ತಂಭದ ಚಿತ್ರವನ್ನು ಅಚ್ಚು ಹಾಕಿಸಿದ್ದಾನೆ. ಆದರೆ ಊರಿನ ಹೆಸರು ಆ ಗ್ರಂಥದಲ್ಲಿ ‘ಗುರುಸಂಕೇರಿ’ ಎಂದಾಗಿಬಿಟ್ಟಿದೆ!

ಮಳೆಗಾಲವು ಹಿಂಜರಿಯುತ್ತಿದ್ದ ಒಂದು ಮುಂಜಾನೆ ನಾವೂ ಇಬ್ಬರು ಮೂವರು ಮಿತ್ರರೂ ಈ ಕೆರೆಯ ದಂಡೆಗೆ ಬಂದೆವು. ನೀರು ತುಂಬಿತ್ತು. ಸುತ್ತಲೂ ತೆಂಗು, ಕಂಗು. ನಡುವೆ ಮುರಕಲ್ಲಿನ ಕೆಂಪು. ಈಶಾನ್ಯ ದಿಕ್ಕಿನಲ್ಲಿ, ಟೀಪುವು 1794ರಲ್ಲಿ ಕೋಟೆ ಕಟ್ಟಿಸಿದ ಗಡಾಯಿಕಲ್ಲಿನ ಕಡೆಯೆಲ್ಲ ಬಿಳಿದಾದ ಮುಸುಕು. “ಅಲ್ಲಿ ಯಾರೋ ಕಾಡಿಗೆ ಬೆಂಕಿ ಹಾಕಿರಬೇಕು” ಎಂದರು ಮಿತ್ರರೊಬ್ಬರು. ಬಿಸಿಲೇರಿದಂತೆ ಮುಸುಕು ಕರಗಿತು. ಅದು ಹೊಗೆಯಲ್ಲ, ಮಂಜು.

ಅಷ್ಟರಲ್ಲಿ ದಂಡೆಯ ಆಚೆ ತುದಿಯಲ್ಲಿ ಕುಳಿತ ತರುಣನೊಬ್ಬನು ಎಲ್ಲರ ದೃಷ್ಟಿಯನ್ನೂ ಸೆಳೆದನು. ಅವನು ನೀರಿನ ಕಡೆಗೆ ಮುಖ ಮಾಡಿ ತನ್ನಷ್ಟಕ್ಕೆ ಮಾತನಾಡುತ್ತಿದ್ದನು, ಕೈ ಬೀಸುವನು, ನಗುವನು. ಕುಡಿದಿರಬೇಕೆಂದರು ಒಬ್ಬರು. ಸೋಂಕು ತಾಗಿರಬೇಕೆಂದರು ಇನ್ನೊಬ್ಬರು. ತಲೆ ಕೆಟ್ಟಿದೆ, ಪಾಪ, ಎಂದು ಮೂರನೆಯವರು ತೀರ್ಪು ಕೊಟ್ಟರು. ತರುಣನು ಎದ್ದು ನಮ್ಮತ್ತ ಬಂದಾಗ ಕಿವಿಯಲ್ಲಿ ಸಿಕ್ಕಿಸಿದ ದೂರವಾಣಿಯ ಸಣ್ಣ ತಂತಿಯು ಕಂಡಿತು. ಮಿತ್ರರು ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕರು.

ನಮ್ಮ ತರ್ಕಶಾಸ್ತ್ರಕ್ಕೆ ಇದು ಹೊಸ ಸಂಗತಿಯಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಅನುಮಾನ. ಆದರೆ ಕಂಡದ್ದು ಹೊಗೆಯೇ ಹೌದೇ ಎಂದು ಮೊದಲು ನೋಡತಕ್ಕದ್ದು. ಮುಸ್ಸಂಜೆಯಲ್ಲಿ ಹಗ್ಗವು ಹಾವಾಗುವುದೂ, ದೂರದ ಮೋಟುಮರವು ಮನುಷ್ಯನಾಗುವುದೂ ಇಂದ್ರಿಯದ ದೋಷಕ್ಕಿಂತ ಹೆಚ್ಚಾಗಿ ಅವಸರದ ದೋಷದಿಂದ. ಸಂಶಯವನ್ನು ನೈಯಾಯಿಕರು ಹಳಿಯಲಿಲ್ಲ. ಅದನ್ನು ವಿಚಾರದ ಬಾಗಿಲೆಂದು ಎಣಿಸಿದರು. ಅವರು ದೋಷವೆಂದದ್ದು ವಿಪರ್ಯಯವನ್ನು, ಎಂದರೆ ಇಲ್ಲದ್ದನ್ನು ಇದೆಯೆಂದು ನಿಶ್ಚಯಿಸಿಬಿಡುವುದನ್ನು.

ಈ ವಿಪರ್ಯಯವು ನಮಗೆ ಗಳಿಗೆಯ ಆಟ. ಕೆಲವರಿಗೆ ಅದು ವರ್ಷಗಟ್ಟಲೆಯ ಸೆರೆ. ಸ್ಕಿಜೋಫ್ರೀನಿಯವೆಂಬ ಮನೋವ್ಯಾಧಿಗೆ ಸಿಕ್ಕಿದವರಿಗೆ ಯಾರೂ ಆಡದ ಮಾತು ಕಿವಿಗೆ ಕೇಳುತ್ತದೆ. ನೆರೆಯವರು ಸಂಚು ಹೂಡುತ್ತಿದ್ದಾರೆಂಬ ನಂಬಿಕೆಯು ಬಂಡೆಯಂತೆ ಕೂರುತ್ತದೆ. ಲೋಕದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ವ್ಯಾಧಿಯುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯ ಗಣನೆ. ಇದು ತಾಯಿತಂದೆಯರ ಸಾಕಣೆಯ ತಪ್ಪಿನಿಂದ ಬಂದುದಲ್ಲ. ಹಿಂದಿನವರ ಶಾಪವೂ ಅಲ್ಲ. ಔಷಧವು ಇದರ ಚಿಕಿತ್ಸೆಗೆ ತಳಹದಿ. ಆದರೆ ಔಷಧದೊಡನೆ ಮನಸ್ಸಿಗೂ ಒಂದು ಅಭ್ಯಾಸವನ್ನು ಕೊಡಬಹುದೆಂಬುದು ಈಚಿನ ದಶಕಗಳ ವಿಚಾರ. ಅದನ್ನು ತಿಳಿದಾಗ, ಈ ಕೆರೆಯನ್ನು ಕಾಣುವ ನಮ್ಮ ಕಣ್ಣೇ ಬೇರೆಯಾಯಿತು.

1988ರಲ್ಲಿ ಲಂಡನ್ನಿನ ಸಂಶೋಧಕರು ಪ್ರಕಟಿಸಿದ ಪರೀಕ್ಷೆಯೊಂದುಂಟು. ಎರಡು ಭರಣಿಗಳು, ಒಂದರಲ್ಲಿ ಒಂದು ಬಣ್ಣದ ಮಣಿಗಳು ಹೆಚ್ಚು, ಇನ್ನೊಂದರಲ್ಲಿ ಇನ್ನೊಂದು ಬಣ್ಣದವು. ಮರೆಯಿಂದ ಒಂದೊಂದಾಗಿ ಮಣಿಯನ್ನು ತೆಗೆದು ತೋರಿಸುತ್ತ, ಇದು ಯಾವ ಭರಣಿಯೆಂದು ಕೇಳುವರು. ಬೇಕಾದಷ್ಟು ಮಣಿಗಳನ್ನು ನೋಡಿ ಹೇಳಬಹುದು. ಭ್ರಾಂತಿಯುಳ್ಳ ರೋಗಿಗಳು ಇತರರಿಗಿಂತ ಕಡಿಮೆ ಮಣಿಗಳನ್ನು ನೋಡಿಯೇ ನಿರ್ಣಯಕ್ಕೆ ಬಂದರು. ಮುಂದೆ ಮಣಿಗಳ ಬದಲಾಗಿ ಎರಡು ಕೆರೆಗಳ ಮೀನುಗಳನ್ನಿಟ್ಟು ಇದೇ ಪರೀಕ್ಷೆಯನ್ನು ನಡೆಸಿದವರೂ ಉಂಟು. ಬೆಸ್ತನು ಒಂದು ಮೀನನ್ನು ಹಿಡಿದು ತೋರಿಸುವನು. ಇದು ಯಾವ ಕೆರೆಯದು? ಒಂದೇ ಮೀನಿನಿಂದ ಕೆರೆಯನ್ನು ಹೇಳಬಹುದೇ?

ಈ ಪ್ರಶ್ನೆಯನ್ನೇ ಪಾಠವಾಗಿ ಮಾಡಿದವರು ಜರ್ಮನಿಯ ಹ್ಯಾಂಬರ್ಗ್ ನಗರದ ಸ್ಟೆಫೆನ್ ಮೊರಿಟ್ಸ್ ಮತ್ತು ಕೆನಡಾ ದೇಶದ ಟಾಡ್ ವುಡ್‌ವರ್ಡ್ ಎಂಬ ಮನಶ್ಶಾಸ್ತ್ರಜ್ಞರು. 2007ರ ಸುಮಾರಿಗೆ ಅವರು ಸಿದ್ಧಪಡಿಸಿದ ಕ್ರಮಕ್ಕೆ ‘ಮೆಟಾಕಾಗ್ನಿಟಿವ್ ಟ್ರೈನಿಂಗ್’ ಎಂದು ಹೆಸರು. ಬುದ್ಧಿಯು ತನ್ನ ನಡೆಯನ್ನು ತಾನೇ ನೋಡಿಕೊಳ್ಳುವ ಶಿಕ್ಷಣವೆಂದು ನಾವು ಹೇಳಬಹುದು. ಮೂವರಿಂದ ಹತ್ತು ಮಂದಿಯವರೆಗೆ ಒಟ್ಟಿಗೆ ಕೂರುವರು. ಒಂದೊಂದು ಪಾಠವೂ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಮುಖ್ಯ ಪಾಠಗಳು ಎಂಟು. ಅದರ ಸಾಮಗ್ರಿಯು ಹಲವು ಭಾಷೆಗಳಲ್ಲಿ ಬೆಲೆಯಿಲ್ಲದೆ ದೊರೆಯುತ್ತದೆ.

ಪಾಠಗಳು ಉಪದೇಶವಲ್ಲ, ಬಹುಮಟ್ಟಿಗೆ ಆಟ. ಅರೆಬರೆ ಗೆರೆಗಳ ಚಿತ್ರವೊಂದನ್ನು ತೋರಿಸಿ, ಗೆರೆಗಳನ್ನು ಒಂದೊಂದಾಗಿ ಕೂಡಿಸುತ್ತ, ಇದು ಏನೆಂದು ಕೇಳುವರು. ಮೊದಲೇ ಕೂಗಿದವನು ತಪ್ಪುತ್ತಾನೆ; ಕಾದವನಿಗೆ ತಿಳಿಯುತ್ತದೆ. ಇನ್ನೊಂದು ದಿನ ಸಮುದ್ರತೀರದ ಚಿತ್ರವನ್ನು ತೋರಿಸಿ, ಅದನ್ನು ಮರೆಮಾಡಿ, ಏನೇನು ಕಂಡಿರೆಂದು ಕೇಳುವರು. ಚಿತ್ರದಲ್ಲಿ ಇಲ್ಲದ ವಸ್ತುವನ್ನು ಕಂಡೆನೆಂದು ಪ್ರಮಾಣ ಮಾಡುವವರು ಅಲ್ಲಿ ಹೊರಡುತ್ತಾರೆ. ಮತ್ತೊಂದು ದಿನ ಸ್ನೇಹಿತನು ದೂರವಾಣಿ ಕರೆಗೆ ಓಗೊಡಲಿಲ್ಲವೆಂದು ಭಾವಿಸಿಕೊಂಡು, ಕಾರಣವು ನಮ್ಮಲ್ಲಿರಬಹುದೇ, ಅವನಲ್ಲಿರಬಹುದೇ, ಸಂದರ್ಭದಲ್ಲಿರಬಹುದೇ ಎಂದು ಒಬ್ಬೊಬ್ಬರೂ ಹೇಳುವರು. ರೋಗಿಯ ಭ್ರಾಂತಿಯನ್ನು ಎದುರೆದುರಾಗಿ ಯಾರೂ ಖಂಡಿಸುವುದಿಲ್ಲ. ಇತರರ ಸಣ್ಣ ತಪ್ಪನ್ನು ನೋಡಿ, ಜೊತೆಗೂಡಿ ನಕ್ಕು, ತನ್ನ ದೊಡ್ಡ ನಿಶ್ಚಯದಲ್ಲಿಯೂ ಒಂದು ಸಂದು ಇರಬಹುದೆಂದು ಅವನೇ ಕಾಣಬೇಕು. ಒಂಟಿಯಾಗಿ ಕುಳಿತವನಿಗೆ ಇದು ದುರ್ಲಭ. ಮಂಡಲದಲ್ಲಿ ಕುಳಿತವನಿಗೆ ಸುಲಭ. ನಮ್ಮ ಹಿರಿಯರ ವಾದಸಭೆಯಲ್ಲಿ ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತವನ್ನು ಹೇಳಕೂಡದೆಂಬ ಕಟ್ಟಳೆಯು ಇದ್ದುದೂ ಇದೇ ಕಾರಣದಿಂದ.

ಫಲವೆಷ್ಟೆಂದು ವಾಚಕರು ಕೇಳುವರು. ನಮ್ಮ ದೇಶದ ರಾಂಚಿಯಲ್ಲಿ ಮಾಡಿದ ಸಣ್ಣ ಪರೀಕ್ಷೆಯೊಂದು 2010ರಲ್ಲಿ ಪ್ರಕಟವಾಯಿತು. 2022ರಲ್ಲಿ ಸುಮಾರು ನಲವತ್ತು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದವರು, ಭ್ರಾಂತಿಯು ಸ್ವಲ್ಪಮಟ್ಟಿಗೆ ತಗ್ಗುತ್ತದೆಂದೂ, ಆ ಗುಣವು ಒಂದು ವರ್ಷದವರೆಗೂ ಉಳಿದುಬರುತ್ತದೆಂದೂ ಕಂಡರು. ಸ್ವಲ್ಪಮಟ್ಟಿಗೆ ಎಂಬ ಮಾತನ್ನು ಮರೆಯಕೂಡದು. ಪಾಠವು ದೊರೆಯಿತೆಂದು ಔಷಧವನ್ನು ಬಿಡುವುದು ಅಪಾಯ. ಆದರೂ ಯಾರ ಮನೆಯಲ್ಲಿ ಇಂಥ ಮಗನೋ ಮಗಳೋ ಇರುವರೋ, ಅವರಿಗೆ ಈ ‘ಸ್ವಲ್ಪ’ದ ಬೆಲೆ ಗೊತ್ತು. ಬಾಗಿಲು ಹಾಕಿಕೊಂಡೇ ಇದ್ದವನು ಊಟಕ್ಕೆ ಚಾವಡಿಗೆ ಬಂದು ಕುಳಿತರೆ ಅದು ಸ್ವಲ್ಪವಲ್ಲ.

ಹ್ಯಾಂಬರ್ಗ್ ದೂರ, ಬೆಂಗಳೂರೂ ಈ ಊರಿಗೆ ಹತ್ತಿರವಲ್ಲ. ಅಲ್ಲಿ 1847ರಲ್ಲಿ ಹುಚ್ಚಾಸ್ಪತ್ರೆಯಾಗಿ ಮೊದಲಾದುದು 1974ರಲ್ಲಿ ನಿಮ್ಹಾನ್ಸ್ ಎಂಬ ರಾಷ್ಟ್ರೀಯ ಸಂಸ್ಥೆಯಾಯಿತು. ಆ ಸಂಸ್ಥೆಯವರೇ 2005ರಿಂದ ಘಟ್ಟದ ಮೇಲಿನ ತೀರ್ಥಹಳ್ಳಿ ತಾಲೂಕಿಗೆ ಹೋಗಿ, ಈ ವ್ಯಾಧಿಯುಳ್ಳವರನ್ನು ಹುಡುಕಿ, ಅವರವರ ಊರಿನ ಬಳಿಯಲ್ಲಿಯೇ ಚಿಕಿತ್ಸೆಯನ್ನು ಒದಗಿಸಿದರು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ಸಹಾಯವಾಣಿಗೆ, 14416 ಎಂಬ ಸಂಖ್ಯೆಗೆ, ಹಳ್ಳಿಯ ಮನೆಯಿಂದಲೂ ಕಾಸಿಲ್ಲದೆ ಕರೆಮಾಡಿ ಸಲಹೆ ಕೇಳಬಹುದು.

ಪಾಠದ ಒಂದು ಭಾಗವು ಮಾತ್ರ ಮನೆಯವರಿಗೂ ನೆರೆಯವರಿಗೂ ಸಲ್ಲತಕ್ಕದ್ದು. ಹುಡುಗನು “ಅವರು ನನ್ನ ಮೇಲೆಯೇ ಮಾತಾಡುತ್ತಾರೆ” ಎಂದಾಗ ಹೌದೆಂದು ತಲೆಯಾಡಿಸುವುದೂ ಬೇಡ, ಹುಚ್ಚುಮಾತೆಂದು ಗದರಿಸುವುದೂ ಬೇಡ. “ನಿನಗೆ ಹೆದರಿಕೆಯಾಗಿದೆ, ಬೇರೆ ಏನಿರಬಹುದು, ಕೂಡಿ ನೋಡೋಣ” ಎನ್ನಬಹುದು. ಇನ್ನು ಊರಿನವರ ವಿಚಾರ. ಒಂದು ದಿನದ ಒಂದು ವರ್ತನೆಯನ್ನು ಕಂಡು ಮಾಟವೆಂದೂ, ಸೋಂಕೆಂದೂ, ಮನೆತನಕ್ಕೆ ಅಂಟಿದ ಕಳಂಕವೆಂದೂ ತೀರ್ಪು ಕೊಡುವವರು ಒಂದೇ ಮೀನನ್ನು ನೋಡಿ ಕೆರೆಯನ್ನು ಹೇಳುವವರಲ್ಲವೇ? ಆ ತೀರ್ಪಿಗೆ ಅಂಜಿಯೇ ಎಷ್ಟೋ ಮನೆಗಳು ರೋಗಿಯನ್ನು ಒಳಗೆ ಬಚ್ಚಿಡುತ್ತವೆ; ವೈದ್ಯರ ಬಳಿಗೆ ಹೋಗುವಷ್ಟರಲ್ಲಿ ವರ್ಷಗಳು ಕಳೆಯುತ್ತವೆ. ಚಿಕಿತ್ಸೆಯು ಬೇಗನೆ ಮೊದಲಾದಷ್ಟೂ ಗುಣದ ಆಸೆ ಹೆಚ್ಚು.

ಗುರುವಾಯನಕೆರೆಯಲ್ಲಿ ಬಸ್ಸಿಗಾಗಿ ಕಾಯುವ ಸಂದರ್ಭವು ವಾಚಕರಿಗೆ ಬಂದರೆ ಕೆರೆಯ ದಂಡೆಗೆ ಹೋಗಿ ಸ್ವಲ್ಪ ಹೊತ್ತು ಕುಳಿತುಕೊಳ್ಳಲಿ. ಅಲ್ಲಿ ಒಬ್ಬಂಟಿಯಾಗಿ ಕುಳಿತವರು ಯಾರಾದರೂ ಕಂಡುಬಂದರೆ, ಹೆಸರಿಡುವುದಕ್ಕೆ ಮುಂಚೆ ಊಟವಾಯಿತೇ ಎಂದು ಕೇಳಲಿ. ತುಳುನಾಡಿನಲ್ಲಿ ಅಪರಿಚಿತನನ್ನು ಮಾತನಾಡಿಸುವುದಕ್ಕೆ ಅಷ್ಟು ಸಾಕು.