ಕೈಗೆಷ್ಟು ಬರುತ್ತೆ?

ನಮ್ಮ ಸಿ.ಎಸ್. ಪುರದ ಕಡೆ ಯಾರ ಸಂಪಾದನೆಯೂ ಗುಟ್ಟಲ್ಲ. ಕಾಯಿ ಕೀಳುವವನಿಗೆ ಮರಕ್ಕೆಷ್ಟು, ಸುಲಿಯುವವನಿಗೆ ಸಾವಿರಕ್ಕೆಷ್ಟು, ತಿಪಟೂರಿನಲ್ಲಿ ಈ ವಾರ ಕೊಬ್ಬರಿ ಕ್ವಿಂಟಾಲಿಗೆಷ್ಟು ಎಂದು ಬಸ್ಸಿಗೆ ಕಾಯುವ ಹೈಸ್ಕೂಲು ಹುಡುಗನೂ ಹೇಳುತ್ತಾನೆ. ಮೇಷ್ಟ್ರ ಸಂಬಳವನ್ನಂತೂ ಸರ್ಕಾರವೇ ಡಂಗೂರ ಹೊಡೆಸುತ್ತದೆ. 2024ರ ಆಗಸ್ಟಿನಿಂದ ಏಳನೇ ವೇತನ ಆಯೋಗ ಜಾರಿಯಾಗಿ, ರಾಜ್ಯ ನೌಕರರ ಕನಿಷ್ಠ ಮೂಲವೇತನ 17,000ದಿಂದ 27,000 ರೂಪಾಯಿ ಆಯಿತಲ್ಲ, ಆಗ ಮೇಷ್ಟ್ರಿಗಿಂತ ಮೊದಲೇ ಲೆಕ್ಕ ಹಾಕಿದವರು ಚೀಟಿ ನಡೆಸುವವರು ಮತ್ತು ಹೆಣ್ಣು ಹೆತ್ತವರು.

ಗುಟ್ಟು ಶುರುವಾಗುವುದು ನೆಲಮಂಗಲ ದಾಟಿದ ಮೇಲೆ. ಬೆಂಗಳೂರಿನ ಕನ್ಸಲ್ಟಿಂಗ್ ಕಂಪನಿ ಸೇರಿದ ಹುಡುಗನೊಬ್ಬ ಹಬ್ಬಕ್ಕೆ ಬಂದಾಗ 'ಪ್ಯಾಕೇಜು ಆರು ಲಕ್ಷ' ಅಂದ. ಕೊಬ್ಬರಿ ವ್ಯಾಪಾರದಲ್ಲಿ ನುರಿತ ಹಿರಿಯರೊಬ್ಬರು ಅವನ ಮೊಬೈಲು ಇಸಕೊಂಡು, ಆಫರ್ ಲೆಟರಿನ ಮೇಲೆ ಬೆರಳಿಟ್ಟು ಸಾಲುಸಾಲಾಗಿ ಇಳಿದರು. ಬೇಸಿಕ್, ಎಚ್‌ಆರ್‌ಎ, ಕಂಪನಿ ಕಟ್ಟುವ ಪಿಎಫ್, ಇನ್ಶೂರೆನ್ಸು, ವೇರಿಯಬಲ್, ಗ್ರ್ಯಾಚುಟಿ. 'ಗ್ರ್ಯಾಚುಟಿ ಐದು ವರ್ಷ ದುಡಿದ ಮೇಲಲ್ವೇನೋ? ಈ ವರ್ಷದ ಸಂಬಳಕ್ಕೆ ಯಾಕೆ ಕೂಡಿಸವ್ರೆ? ವೇರಿಯಬಲ್ಲು ಅಂದ್ರೆ ಕೊಟ್ರೆ ಉಂಟು, ಇಲ್ದಿದ್ರೆ ಇಲ್ಲ. ಅದೆಲ್ಲ ಬಿಡು, ಕೈಗೆಷ್ಟು ಬರುತ್ತೆ?' ಹುಡುಗ ಕಾಫಿ ತರಲು ಎದ್ದು ಹೋದ.

ಈ ಕನ್ಸಲ್ಟಿಂಗ್, ಐಟಿ ಕಂಪನಿಗಳ ಸಂಪಾದನೆಯ ದಾರಿಯೇ ಬೇರೆ. ಆಳಿನ ಹೊತ್ತನ್ನು ಗಿರಾಕಿಗೆ ಮಾರುವುದು, ಆಳಿಗೆ ತಿಂಗಳ ಸಂಬಳ ಕೊಡುವುದು, ನಡುವಿನದು ಲಾಭ. ಮಾರಾಟವಾಗದ ಆಳು 'ಬೆಂಚಿನ ಮೇಲೆ'. 2025ರ ಜೂನಿನಲ್ಲಿ ಟಿಸಿಎಸ್, ವರ್ಷಕ್ಕೆ 225 ದಿನ ಬಿಲ್ಲಾಗುವ ಕೆಲಸ ಇರಬೇಕು, ಬೆಂಚು 35 ದಿನ ಮೀರಬಾರದು ಎಂದಿತು. ನಮ್ಮ ಕಾಲದಲ್ಲಿ ಬೆಂಚಿನ ಮೇಲೆ ನಿಲ್ಲಿಸುವುದು ಶಿಕ್ಷೆ, ಈಗ ಕೂರುವುದೇ ಶಿಕ್ಷೆ! ಅದರ ಮುಂದಿನ ತಿಂಗಳೇ ಟಿಸಿಎಸ್ ಸುಮಾರು 12,000 ಜನರನ್ನು ಕೆಲಸದಿಂದ ಕಳಿಸುವ ಸುದ್ದಿ ಬಂತು.

ಹೊತ್ತಿನ ಮಾತು ಬಂತಲ್ಲ. 2023ರಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಲಿ ಅಂದರು. 2024ರಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆ ದುಡಿಮೆಗೆ ಅವಕಾಶ ಕೊಡುವ ಪ್ರಸ್ತಾಪ ನಮ್ಮ ರಾಜ್ಯದಲ್ಲೇ ಬಂದು, ಐಟಿ ನೌಕರರ ಸಂಘ ಬೀದಿಗಿಳಿಯಿತು. ರಾಗಿ ಕೊಯ್ಲಿನಲ್ಲಿ ನಾವೂ ಹೊತ್ತು ನೋಡುವುದಿಲ್ಲ ನಿಜ. ಆದರೆ ಹೊತ್ತು ಮೀರಿದರೆ ಮೇಲೆಷ್ಟು ಎಂಬ ಮಾತು ಹೊಲಕ್ಕಿಳಿಯುವ ಮೊದಲೇ ಆಗಿರುತ್ತದೆ.

ಕಂಪನಿಯಲ್ಲಿ ಆ ಮಾತೇ ಆಡುವಂತಿಲ್ಲ. ಹೊಸಬರಿಗೆ ಹತ್ತು ವರ್ಷದ ಹಿಂದೆಯೂ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು, ಈಗಲೂ ಬಹುಮಟ್ಟಿಗೆ ಅಷ್ಟೇ. ನಿನ್ನೆ ಬೇರೆ ಕಡೆಯಿಂದ ಬಂದವನಿಗೆ, ಆರು ವರ್ಷದಿಂದ ಇದ್ದು ಅವನಿಗೆ ಕೆಲಸ ಕಲಿಸುತ್ತಿರುವವಳಿಗಿಂತ ಹೆಚ್ಚು. ಅವಳಿಗೆ ಗೊತ್ತಾಗುವುದಿಲ್ಲ, ಗೊತ್ತಾಗಬಾರದು ಎಂದೇ ಏರ್ಪಾಡು. ತಮಾಷೆಯೆಂದರೆ, ನಿರ್ದೇಶಕರ ಸಂಬಳ ನಡುಮಟ್ಟದ ನೌಕರನ ಸಂಬಳದ ಎಷ್ಟು ಪಟ್ಟು ಎಂದು ಷೇರುಪೇಟೆಯ ಕಂಪನಿಗಳು ವಾರ್ಷಿಕ ವರದಿಯ ಜೊತೆ ತಿಳಿಸಲೇಬೇಕು. 2013ರ ಕಂಪನಿ ಕಾಯ್ದೆಯ ಅಪ್ಪಣೆ. ಇನ್ಫೋಸಿಸ್ ಮುಖ್ಯಸ್ಥರ ವರಮಾನ 2024-25ರಲ್ಲಿ 80 ಕೋಟಿ ಮುಟ್ಟಿದ್ದು ಹಾಗೆಯೇ ಊರಿಗೆಲ್ಲ ಗೊತ್ತಾಯಿತು. ಶಿಖರದವರ ಸಂಬಳ ಗೊತ್ತು, ಪಕ್ಕದ ಕುರ್ಚಿಯದು ಗೊತ್ತಿಲ್ಲ! ಯುರೋಪಿನ ಒಕ್ಕೂಟ 2023ರಲ್ಲಿ ಇದಕ್ಕೇ ಕಟ್ಟಳೆ ಮಾಡಿತು: ಕೆಲಸಕ್ಕೆ ಕರೆಯುವಾಗಲೇ ಸಂಬಳದ ಅಂದಾಜು ಹೇಳಬೇಕು, ಒಂದೇ ಬಗೆಯ ಕೆಲಸಕ್ಕೆ ಗಂಡಸರಿಗೆಷ್ಟು ಹೆಂಗಸರಿಗೆಷ್ಟು ಎಂದು ಕೇಳಿದರೆ ತಿಳಿಸಬೇಕು.

ಹಾಗಂತ ನಮ್ಮೂರ ಕೂಲಿ ಧರ್ಮದ ಕೂಲಿ ಅಂತೇನೂ ಅಲ್ಲ. ಸಮಾನ ವೇತನದ ಕಾನೂನು 1976ರಲ್ಲೇ ಬಂದಿದ್ದರೂ ಹೊಲದಲ್ಲಿ ಹೆಣ್ಣಾಳಿಗೆ ಇವತ್ತಿಗೂ ಕಡಿಮೆಯೇ. ಆದರೆ ಕಡಿಮೆ ಎಷ್ಟು ಎಂಬುದು ಅವಳಿಗೆ ಗೊತ್ತು. ನರೇಗಾದಲ್ಲಿ ಹೆಣ್ಣು ಗಂಡೆನ್ನದೆ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತೆಂದು ಗೊತ್ತಿರುವವಳು, ಕಳೆ ಕೀಳಲು ಕರೆದವನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ. ಲೆಕ್ಕ ಬಯಲಾದ ಮಾತ್ರಕ್ಕೆ ನ್ಯಾಯ ಸಿಕ್ಕಿಬಿಡುವುದಿಲ್ಲ, ಆದರೆ ಜಗಳಕ್ಕೊಂದು ಅಂಕಿ ಸಿಗುತ್ತದೆ. ಸೆಮಿಸ್ಟರುಗಟ್ಟಲೆ ಗಣಿತ ಓದಿದ ನಮ್ಮ ಹುಡುಗರಿಗೆ ಆ ಅಂಕಿ ಇನ್ನೂ ಸಿಕ್ಕಿಲ್ಲ.