ವಿಮಾನ ಎಷ್ಟು ಸಲ ಹತ್ತುತ್ತೀರಿ?

ವರ್ಡ್‌ವೆಬ್ ಅನ್ನುವ ಇಂಗ್ಲಿಷ್ ನಿಘಂಟು ಕಂಪ್ಯೂಟರಿಗೆ ಪುಕ್ಕಟೆ ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಮಷೀನು ಜೋಡಿಸಿ ಕೊಡುವ ಹುಡುಗರು ಕೇಳದಿದ್ದರೂ ಹಾಕಿ ಕೊಡುತ್ತಿದ್ದರು. "ಇರ್ಲಿ ತಗೋರಿ ಸರ್, ಮಕ್ಕಳಿಗೆ ಬೇಕಾಗ್ತದ." ಅದರ ಕರಾರನ್ನು ಯಾರಾದರೂ ಓದಿದ್ದಾರೋ ಇಲ್ಲವೋ. ಹನ್ನೆರಡು ತಿಂಗಳಲ್ಲಿ ಒಂದು ಸಲ ಹೋಗಿಬರುವುದಕ್ಕಿಂತ ಹೆಚ್ಚು ವಿಮಾನ ಹತ್ತುವವರು ಅದನ್ನು ಪುಕ್ಕಟೆ ಇಟ್ಟುಕೊಳ್ಳುವಂತಿಲ್ಲ. 30 ದಿನ ಬಳಸಿ ನೋಡಿ, ಆಮೇಲೆ ದುಡ್ಡು ಕೊಟ್ಟು ಕೊಳ್ಳಬೇಕು.

ನಿಘಂಟಿಗೂ ವಿಮಾನಕ್ಕೂ ಎತ್ತಣ ಸಂಬಂಧ? ಹೆಚ್ಚು ಹಾರುವವರು ಹೆಚ್ಚು ಹೊಗೆ ಬಿಡುತ್ತಾರೆ, ಭೂಮಿ ಕಾಯುತ್ತದೆ ಎಂಬ ಲೆಕ್ಕವಂತೆ. ತರ್ಕ ತಪ್ಪಲ್ಲ. ಆದರೆ ಹುಬ್ಬಳ್ಳಿ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಘಂಟಿನವರು ಯಾರೂ ಕೂತಿರುವುದಿಲ್ಲ. ರೈಲಿಗಂತೂ ಷರತ್ತೇ ಇಲ್ಲ. 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇರುವ ಹುಬ್ಬಳ್ಳಿಯವರು ನಿಶ್ಚಿಂತೆಯಿಂದ ಅರ್ಥ ಹುಡುಕಬಹುದು. ಈ ನಿಘಂಟು ಮಾಡಿದ ಆಂಟನಿ ಲೂಯಿಸ್ ಬ್ರಿಟನ್ನಿನಲ್ಲಿ ವಿಶ್ವದ ಹುಟ್ಟು, ಬೆಳವಣಿಗೆಗಳನ್ನು ಲೆಕ್ಕ ಹಾಕುವ ವಿಜ್ಞಾನಿ. ಭಾಷಾಪಂಡಿತರಲ್ಲ.

*

ವರ್ಡ್‌ವೆಬ್‌ನ ಬುಡದಲ್ಲಿ ಇರುವುದು ವರ್ಡ್‌ನೆಟ್. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1985ರಲ್ಲಿ ಜಾರ್ಜ್ ಮಿಲ್ಲರ್ ಶುರು ಮಾಡಿದ ಕೆಲಸ. ಇವರು ಮನಶ್ಶಾಸ್ತ್ರಜ್ಞರು. ಪದಗಳು ಮನಸ್ಸಿನೊಳಗೆ ಹೇಗೆ ಕೂತಿರುತ್ತವೆ ಎಂಬುದು ಅವರ ಕುತೂಹಲ. ಹೀಗಾಗಿ ಅಕಾರಾದಿ ಬಿಟ್ಟು, ಒಂದೇ ಅರ್ಥದ ಪದಗಳನ್ನು ಗುಂಪು ಗುಂಪಾಗಿ ಕಟ್ಟಿದರು. ಅಂಥ ಗುಂಪುಗಳು 1.17 ಲಕ್ಷಕ್ಕೂ ಹೆಚ್ಚು. ಹೊಸ ಉಪಾಯ ಅಂದುಕೊಂಡೆ. ಆದರೆ ನಮ್ಮಲ್ಲಿ ಪಾಠಶಾಲೆಯ ಹುಡುಗರು ಬಾಯಿಪಾಠ ಹಾಕುತ್ತಿದ್ದ ಅಮರಕೋಶದ ಕ್ರಮವೂ ಇದೇ ಅಲ್ಲವೇ? ಲಂಡನ್ನಿನ ವೈದ್ಯ ರೋಜೆ 1852ರಲ್ಲಿ ಅಚ್ಚು ಹಾಕಿಸಿದ ಥೆಸಾರಸ್ ಕೂಡ ಇದೇ ದಾರಿ ಹಿಡಿದದ್ದು. ಯಾರಿಂದ ಯಾರು ಕಲಿತರು ಅನ್ನುವ ಗೊಡವೆ ಬೇಡ. ಬೇರೆ ಬೇರೆ ಕಾಲದವರು ಒಂದೇ ಕಡೆ ಬಂದು ನಿಂತದ್ದು ನನಗೆ ಹೆಚ್ಚಿನ ಸೋಜಿಗ.

*

ಧಾರವಾಡದ ಸಪ್ತಾಪುರ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಊರೂರಿನಿಂದ ಬಂದು ಓದುವ ಹುಡುಗ ಹುಡುಗಿಯರು. ಇವರನ್ನು ಕಾಡುವ ಇಂಗ್ಲಿಷ್ ಪದಗಳು ದೊಡ್ಡವಲ್ಲ. ಬಿಟ್ಟ ಸ್ಥಳದಲ್ಲಿ 'ಇನ್' ಬರೆಯಬೇಕೋ, 'ಆನ್' ಬರೆಯಬೇಕೋ, 'ಆಟ್' ಬರೆಯಬೇಕೋ ಅನ್ನುವುದೇ ಗೋಳು. ವರ್ಡ್‌ನೆಟ್‌ನಲ್ಲಿ ಇರುವುದು ನಾಮಪದ, ಕ್ರಿಯಾಪದ, ಗುಣವಾಚಕ, ಕ್ರಿಯಾವಿಶೇಷಣ, ಈ ನಾಲ್ಕೇ. ಅಲ್ಲಿ 'ಆಟ್' ಅಂತ ಹುಡುಕಿದರೆ ಆಸ್ಟಟೈನ್ ಎಂಬ ಮೂಲವಸ್ತು, ಲಾವೋಸ್ ದೇಶದ ಚಿಲ್ಲರೆ ಕಾಸು ಸಿಗುತ್ತವೆ. ಲಾವೋಸಿನ ಕಾಸು ಯಾವ ಪಿಎಸ್‌ಐ ಪರೀಕ್ಷೆಗೆ ಬೇಕು? ಮಿಲ್ಲರ್ ತಪ್ಪು ಮಾಡಿದರೆಂದಲ್ಲ. ಅವರ ಕಣ್ಣೆದುರು ಇದ್ದ ಓದುಗ ಬೇರೆ.

ಕಿಟೆಲ್ ಕಣ್ಣೆದುರು ಇದ್ದವನೂ ಬೇರೆಯೇ. ಬಾಸೆಲ್ ಮಿಶನ್‌ನಿಂದ 1853ರಲ್ಲಿ ಈ ನಾಡಿಗೆ ಬಂದ ಜರ್ಮನ್ ಪಾದ್ರಿ, ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಲ್ಲಿ ಅಚ್ಚಾಗಿಸಿದರು. ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥ ಬೇಕಾದದ್ದು ಹೊರಗಿನಿಂದ ಬಂದವರಿಗೆ. ಆದರೂ ಅದನ್ನು ತಲೆಯ ಮೇಲೆ ಹೊತ್ತುಕೊಂಡವರು ಕನ್ನಡಿಗರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜೇ ಇದೆ. ನಾಲ್ಕು ದಶಕ ಒಬ್ಬರೇ ಕೂತು ಒಂದೂವರೆ ಲಕ್ಷ ಪದ ಕೂಡಿಹಾಕಿದ ವಿ. ಕೃಷ್ಣ ಅವರ 'ಅಲರ್' ಕೂಡ ಕನ್ನಡ–ಇಂಗ್ಲಿಷೇ. 2019ರಲ್ಲಿ ಅದು ಅಂತರಜಾಲಕ್ಕೆ ಬಂತು. ದತ್ತಾಂಶ ಮುಕ್ತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ವಿಮಾನದ ಪ್ರಶ್ನೆ ಇಲ್ಲ.

*

ಒಂದು ಡಿಟಿಪಿ ಅಂಗಡಿ. ಪರದೆಯ ಮೇಲೆ ಅಚ್ಚ ಕನ್ನಡದ ಅರ್ಜಿ, ಪ್ರತಿ ಸಾಲಿನ ಕೆಳಗೂ ಕೆಂಪು ಗೆರೆ. ಕಾರಣ ಕೇಳಿ ತಿಳಿದುಕೊಂಡೆ. ಹಳೆಯ ನುಡಿ ಫಾಂಟಿನಲ್ಲಿ ಹೊಡೆದದ್ದು ಯೂನಿಕೋಡ್ ಅಲ್ಲ. ನಮ್ಮ ಕಣ್ಣಿಗೆ ಕನ್ನಡ, ಒಳಗೆ ಮಷೀನಿಗೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಮೈಕ್ರೋಸಾಫ್ಟ್ ವರ್ಡ್ ಅದನ್ನು ತನ್ನ ಇಂಗ್ಲಿಷ್ ಪದಪಟ್ಟಿಯಲ್ಲಿ ಹುಡುಕುತ್ತದೆ, ಸಿಗುವುದಿಲ್ಲ, ಗೆರೆ ಎಳೆಯುತ್ತದೆ. ಶಿಫ್ಟ್ ಒತ್ತಿ ಎಫ್7 ಒತ್ತಿದರೆ ಸಮಾನಾರ್ಥಕ ಪದ ಬರಬೇಕು. ಇಲ್ಲಿ ಬರುವುದಾದರೂ ಏನು?

"ಗೆರಿ ಕಂಡ್ರ ಗಿರಾಕಿ ಅಂಜತಾರ್ರೀ," ಅಂದ ಅಂಗಡಿಯವರು ಸ್ಪೆಲ್‌ಚೆಕ್ ಅನ್ನೇ ಆರಿಸಿಬಿಟ್ಟಿದ್ದಾರೆ. ನನಗೆ ತೋರಿಸಲೆಂದು ಆವತ್ತು ಹಚ್ಚಿದ್ದರು, ಅಷ್ಟೇ. ಅದೇ ಮಷೀನಿನಲ್ಲಿ ಕೆಲಸಕ್ಕೆ ಹಾಕುವ ಇಂಗ್ಲಿಷ್ ಅರ್ಜಿಗಳೂ ತಯಾರಾಗುತ್ತವೆ. ಅವಕ್ಕೂ ಗೆರೆ ಬೀಳುವುದಿಲ್ಲ. ತಪ್ಪು ಉಳಿದರೆ ಯಾರು ಹೇಳುತ್ತಾರೆ ಅಂತ ಕೇಳಿದ್ದಕ್ಕೆ, ಬಾಜೂಕ ಕೂತಿದ್ದ ಹುಡುಗಿಯನ್ನು ತೋರಿಸಿದರು. ಇಂಗ್ಲಿಷ್ ಎಂ.ಎ. ಅಂತೆ, ಮಧ್ಯಾಹ್ನದ ಮೇಲೆ ಬರುತ್ತಾಳೆ.